ಮನೆಯ ಇಂಕ್‌ಜೆಟ್‌ನಲ್ಲಿ ಹಳೆಯ ಕಾಲದ ಫೋಟೋ ಮುದ್ರಣ: ಕರಾವಳಿಯ ಹವೆಗೆ ಯಾವ ಇಂಕು, ಯಾವ ಕಾಗದ, ಯಾವ ವಿಧಾನ?

ಮನೆಯ ಪ್ರಿಂಟರಿನಲ್ಲಿ ನೂರೈವತ್ತು ವರ್ಷ ಹಿಂದಿನ ಫೋಟೋದ ಕಳೆ ತರಲು ಹೊರಟವರು ಹೆಚ್ಚಾಗಿ ಮೊಬೈಲ್ ಆ್ಯಪಿನಲ್ಲಿ ‘ಸೆಪಿಯಾ’ ಒತ್ತುತ್ತಾರೆ, ಗೀರು-ಕಲೆಗಳ ಪದರ ಹಾಕುತ್ತಾರೆ, ಗ್ಲಾಸಿ ಕಾಗದದ ಮೇಲೆ ಪ್ರಿಂಟು ತೆಗೆಯುತ್ತಾರೆ. ಕೈಗೆ ಬರುವುದು ಕಂದು ಬಣ್ಣದ ಹೊಸ ಫೋಟೋ. ಹಳೆಯ ಮುದ್ರಣವನ್ನು ಹಳೆಯದಾಗಿ ಕಾಣಿಸುವುದರಲ್ಲಿ ಬಣ್ಣದ ಪಾಲು ಸಣ್ಣದು. ಕಾಗದದ ಮೈ, ಕಪ್ಪು ಎಷ್ಟು ಆಳಕ್ಕೆ ಇಳಿಯುತ್ತದೆ, ಚಿತ್ರದ ಅಳತೆ, ಅಂದಿನ ಗಾಜಿನ ನೆಗೆಟಿವ್ ಪ್ಲೇಟು ಬಣ್ಣಗಳನ್ನು ಗ್ರಹಿಸುತ್ತಿದ್ದ ಬಗೆ, ಈ ನಾಲ್ಕು ಸರಿಹೋದರೆ ಬಣ್ಣ ತುಸು ಆಚೀಚೆ ಆದರೂ ಕಣ್ಣು ಒಪ್ಪಿಕೊಳ್ಳುತ್ತದೆ.

ಆಯ್ಕೆಯ ಕ್ರಮವೂ ಅದೇ ಪ್ರಕಾರ ಇರಬೇಕು: ಮೊದಲು ಇಂಕು, ಆಮೇಲೆ ಕಾಗದ, ಕೊನೆಗೆ ಯಾವ ವಿಧಾನದ ಅನುಕರಣೆ ಎಂಬುದು. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಇಂಕಿನ ಆಯ್ಕೆ ಬಯಲುಸೀಮೆಯವರಿಗಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ತಪ್ಪು ಇಂಕಿನ ಪ್ರಿಂಟು ಫ್ರೇಮಿನೊಳಗೇ ಹರಡುತ್ತದೆ.

ಇಂಕು: ಡೈ ಅಥವಾ ಪಿಗ್ಮೆಂಟ್

ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಕಾಗದದ ಪದರದೊಳಗೆ ಇಳಿದು ಕೂರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಸೂಕ್ಷ್ಮ ಕಣಗಳು ತೇಲುತ್ತಿದ್ದು, ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತವೆ. ಮೂಲ ವಿಧಾನಗಳಲ್ಲಿ ಚಿತ್ರವಾಗಿದ್ದದ್ದು ಬೆಳ್ಳಿ, ಪ್ಲಾಟಿನಂ ಅಥವಾ ಕಬ್ಬಿಣದ ಸಂಯುಕ್ತದ ಕಣಗಳು. ಹಾಗಾಗಿ ನೋಟದಲ್ಲೂ ಬಾಳಿಕೆಯಲ್ಲೂ ಪಿಗ್ಮೆಂಟ್ ಅವುಗಳಿಗೆ ಹತ್ತಿರ.

ಮನೆಗಳಲ್ಲಿ ಸಿಗುವ ಯಂತ್ರಗಳನ್ನು ಮೂರು ಗುಂಪು ಮಾಡಬಹುದು. ಕ್ಯಾನನ್ ಜಿ ಸರಣಿಯ ಹಲವು ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಎಪ್ಸನ್ ಎಲ್805, ಎಲ್8050 ಬಗೆಯವು ಆರು ಬಣ್ಣದ ಡೈ ಯಂತ್ರಗಳು. ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಇರುವುದರಿಂದ ಬೆಳಕಿನ ಭಾಗಗಳಲ್ಲಿ ಚುಕ್ಕಿ ಕಾಣುವುದಿಲ್ಲ. ಮೂರನೆಯದು ಪೂರ್ತಿ ಪಿಗ್ಮೆಂಟಿನ ದುಬಾರಿ ಯಂತ್ರಗಳು: ಎಪ್ಸನ್ ಶ್ಯೂರ್‌ಕಲರ್ ಪಿ700, ಕ್ಯಾನನ್ ಪ್ರೊ-300 ಮಾದರಿಯವು. ಇವುಗಳಲ್ಲಿ ಬೂದು ಇಂಕೂ ಪ್ರತ್ಯೇಕ ಇರುತ್ತದೆ. ಹಳೆಯ ಮುದ್ರಣದ ಅನುಕರಣೆಗೆ ಅದೇ ದೊಡ್ಡ ಅನುಕೂಲ.

ಬೂದು ಇಂಕಿಲ್ಲದ ಯಂತ್ರ ಬೂದು ಬಣ್ಣವನ್ನು ಸಯಾನ್, ಮಜೆಂಟಾ, ಹಳದಿ ಬೆರೆಸಿ ಕಟ್ಟುತ್ತದೆ. ಹಗಲು ಬೆಳಕಿನಲ್ಲಿ ಸರಿಯಾಗಿ ಕಂಡ ಕಂದು, ಟ್ಯೂಬ್‌ಲೈಟಿನಡಿ ಹಸಿರಿಗೆ ತಿರುಗುತ್ತದೆ, ಎಲ್‌ಇಡಿ ಕೆಳಗೆ ನೇರಳೆ ಎನಿಸುತ್ತದೆ. ಆದ್ದರಿಂದ ಪ್ರಿಂಟನ್ನು ಎಲ್ಲಿ ತೂಗುಹಾಕುತ್ತೀರೋ ಆ ಗೋಡೆಯ ದೀಪದಡಿಯೇ ಬಣ್ಣ ಪರೀಕ್ಷಿಸಿ. ಡೈ ಪ್ರಿಂಟಿನ ಬಣ್ಣ ಮೊದಲ 24 ಗಂಟೆ ಸ್ವಲ್ಪ ಸರಿಯುತ್ತಲೇ ಇರುತ್ತದೆ. ಟ್ರೇಯಿಂದ ಹೊರಬಂದ ಕೂಡಲೇ ನೋಡಿ ಕರ್ವ್ (ಸಾಫ್ಟ್‌ವೇರಿನಲ್ಲಿ ಛಾಯೆಗಳನ್ನು ಏರಿಳಿಸುವ ಗೆರೆ) ತಿದ್ದಲು ಕೂತರೆ ಕೆಲಸ ಮುಗಿಯುವುದೇ ಇಲ್ಲ.

ತೇವದ ವಿಷಯಕ್ಕೆ ಬಂದರೆ ವ್ಯತ್ಯಾಸ ದೊಡ್ಡದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಡೈ ಕಾಗದದೊಳಗೆ ಮತ್ತೆ ಚಲಿಸುತ್ತದೆ. ಕಪ್ಪು ಗೆರೆಯ ಅಂಚಿನಲ್ಲಿ ಮೊದಲು ಮಜೆಂಟಾದ ತೆಳು ಸೆರಗು ಮೂಡುತ್ತದೆ, ಆಮೇಲೆ ಗೆರೆಯೇ ಮೆದುವಾಗುತ್ತದೆ. ಪಿಗ್ಮೆಂಟಿಗೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪಿಗ್ಮೆಂಟ್ ನಾಝಲಿನಲ್ಲಿ, ಅಂದರೆ ಇಂಕು ಚಿಮ್ಮುವ ಸಣ್ಣ ತೂತಿನಲ್ಲಿ, ಬೇಗ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಪ್ರಿಂಟು ತೆಗೆಯುವವರು ಪಿಗ್ಮೆಂಟ್ ಯಂತ್ರ ಕೊಂಡರೆ ಇಂಕಿಗಿಂತ ಹೆಡ್ ಕ್ಲೀನಿಂಗಿಗೇ ಹೆಚ್ಚು ಖರ್ಚಾದೀತು. ವಾರಕ್ಕೊಮ್ಮೆಯಾದರೂ ಯಂತ್ರ ನಡೆಸುವವರಿಗೆ ಪಿಗ್ಮೆಂಟ್, ಅಪರೂಪಕ್ಕೆ ತೆಗೆಯುವವರಿಗೆ ಆರು ಬಣ್ಣದ ಡೈ. ಕೈಯಲ್ಲಿ ಕ್ಯಾನನ್ ಜಿ ಇದ್ದರೆ ಹೊಸದು ಕೊಳ್ಳುವ ಮೊದಲು ಕೆಳಗಿನ ಪ್ಲಾಟಿನಂ ಭಾಗ ಓದಿ. ಅದರ ಕಪ್ಪು ಇಂಕೊಂದೇ ಒಳ್ಳೆಯ ಕೆಲಸ ಮಾಡುತ್ತದೆ.

ಕಾಗದ

ಮೊದಲ ಪರೀಕ್ಷೆ ಸುಲಭ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ತಂದು, ಕತ್ತಲೆಯಲ್ಲಿ ಕಾಗದದ ಮೇಲೆ ಬಿಡಿ. ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಹತ್ತೊಂಬತ್ತನೆಯ ಶತಮಾನದ ಕಾಗದದಲ್ಲಿ ಇದು ಇರಲೇ ಇಲ್ಲ. ಅಂಥ ಕಾಗದದ ಮೇಲೆ ಎಷ್ಟೇ ಒಳ್ಳೆಯ ಕಂದು ಮೂಡಿಸಿದರೂ ಬಿಳಿ ಭಾಗ ಸೋಪಿನ ಪುಡಿಯಲ್ಲಿ ಒಗೆದ ಅಂಗಿಯಂತೆ ನೀಲಿ ಹೊಡೆದು ಗುಟ್ಟು ಬಿಟ್ಟುಕೊಡುತ್ತದೆ. ಹೊಳೆಯದೆ ಮಂಕಾಗಿ ಉಳಿಯುವ ಕಾಗದವೇ ಬೇಕು. ಇಂಕ್‌ಜೆಟ್ ಲೇಪ ಇರುವವುಗಳಲ್ಲಿ ಹಾನೆಮ್ಯೂಲೆ ಬ್ಯಾಂಬೂ 290 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಕ್ಯಾನ್ಸನ್ ರ್‍ಯಾಗ್ ಫೋಟೋಗ್ರಾಫೀಕ್, ಹೊಳಪು ಬೇಕಾದವರಿಗೆ ಕ್ಯಾನ್ಸನ್ ಪ್ಲಾಟಿನ್ ಫೈಬರ್ ರ್‍ಯಾಗ್ 310 ಜಿಎಸ್‌ಎಂ, ಇವೆಲ್ಲ ಈ ರಾಸಾಯನಿಕ ಇಲ್ಲದವು. ಬೆಲೆ ಹೆಚ್ಚು, ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಸಣ್ಣ ಪ್ರಿಂಟು ತೆಗೆದರೆ ಸಹಿಸಬಹುದು.

ಲೇಪವಿಲ್ಲದ ಕಾಗದ ಎರಡನೆಯ ದಾರಿ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿಯ ಚಿಂದಿಯಿಂದ ಕೈಕಾಗದ ತಯಾರಾಗುತ್ತದೆ. ಶಿರಸಿಯವರಿಗೆ ಅದು ದೂರವೇನಲ್ಲ. ಹೀಗೆ ಲೇಪವಿಲ್ಲದ ಹತ್ತಿ ಕಾಗದದಲ್ಲಿ ಇಂಕು ನಾರಿನೊಳಗೆ ಇಳಿಯುತ್ತದೆ, ಕಪ್ಪು ಮಂಕಾಗುತ್ತದೆ, ಸಣ್ಣ ವಿವರ ಹರಡುತ್ತದೆ. ವಿವರ ಮೆದುವಾಗಿರುವ ಉಪ್ಪಿನ ಮುದ್ರಣಕ್ಕೆ ಇದು ವರ, ಮೊಟ್ಟೆಯ ಲೋಳೆ ಬಳಿದ ಕಾಗದದ ಹರಿತ ಅಲ್ಬುಮಿನ್ ಮುದ್ರಣಕ್ಕೆ ಕೇಡು (ಎರಡರ ವಿವರ ಮುಂದಿದೆ).

ಕೈಕಾಗದ ಯಂತ್ರಕ್ಕೆ ಹಾಕುವ ಮೊದಲು ಎರಡೂ ಮೈಯನ್ನು ಮೆತ್ತನೆಯ ಒಣ ಬ್ರಶ್ಶಿನಿಂದ ಗುಡಿಸಬೇಕು. ಬಿಡಿ ನಾರು ಹೆಡ್ಡಿಗೆ ಸಿಕ್ಕಿದರೆ ಪ್ರತಿ ಸಾಲಿಗೂ ಕಪ್ಪು ಗೆರೆ ಎಳೆಯುತ್ತ ಹೋಗುತ್ತದೆ. ಅಂಚು ಹರಿದಂತಿರುವ ಹಾಳೆಯನ್ನು ರೋಲರ್ ನೇರವಾಗಿ ಹಿಡಿಯುವುದಿಲ್ಲ. ಮೇಲಂಚಿನ 1 ಸೆಂ.ಮೀ. ನೇರವಾಗಿ ಕತ್ತರಿಸಿ, ಇಲ್ಲವೇ ಹಾಳೆಯನ್ನು ಸಾದಾ ಎ4 ಕಾಗದದ ಮೇಲೆ ಮಾಸ್ಕಿಂಗ್ ಟೇಪಿನಿಂದ ಮೇಲಂಚಿನಲ್ಲಷ್ಟೇ ಅಂಟಿಸಿ ಹಿಂದಿನ ಟ್ರೇಯಿಂದ ಬಿಡಿ. ಒಟ್ಟು ದಪ್ಪ ಯಂತ್ರದ ಕೈಪಿಡಿಯಲ್ಲಿ ಹೇಳಿದ ಮಿತಿ ದಾಟಬಾರದು. ಡ್ರೈವರಿನಲ್ಲಿ ‘ಥಿಕ್ ಪೇಪರ್’ ಆಯ್ಕೆ ಇದ್ದರೆ ಹಾಕಿ. ಹೆಡ್ಡು ಕಾಗದಕ್ಕೆ ಉಜ್ಜುವುದು ತಪ್ಪುತ್ತದೆ.

ಕಾಗದವನ್ನು ಹಳದಿಯಾಗಿಸಲು ಚಹಾದಲ್ಲಿ ಅದ್ದುವ ರೂಢಿ ಇದೆ. ಲೇಪವಿರುವ ಇಂಕ್‌ಜೆಟ್ ಕಾಗದವನ್ನು ಅದ್ದಿದರೆ ಲೇಪ ಎದ್ದು ಬರುತ್ತದೆ, ಆ ಪ್ರಯತ್ನವೇ ಬೇಡ. ಲೇಪವಿಲ್ಲದ ಕಾಗದಕ್ಕೆ ಶಿರಸಿ-ಸಿದ್ದಾಪುರ ಕಡೆ ಚಹಾಕ್ಕಿಂತ ಒಳ್ಳೆಯದು ಮನೆಯಲ್ಲೇ ಇದೆ: ಅಡಿಕೆ ಬೇಯಿಸಿದ ಚೊಗರು. ಗಟ್ಟಿ ಚೊಗರನ್ನು ನೀರಿನಲ್ಲಿ ಚೆನ್ನಾಗಿ ತೆಳುಮಾಡಿ, ಬಟ್ಟೆಯಲ್ಲಿ ಸೋಸಿ, ಅಗಲ ಬ್ರಶ್ಶಿನಿಂದ ಒಂದೇ ಕೈ ಎಳೆದು, ನೆರಳಿನಲ್ಲಿ ಒಣಗಿಸಿ, ಎರಡು ದಿನ ಪುಸ್ತಕಗಳ ಅಡಿ ಒತ್ತಿಡಿ. ಬರುವ ಬಣ್ಣ ತುಸು ಕೆಂಪು ಬೆರೆತ ಕಂದು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಹುಳಿ ಗುಣದ್ದಾದ್ದರಿಂದ ದಶಕಗಟ್ಟಲೆ ಉಳಿಯಬೇಕಾದ ಪ್ರಿಂಟಿಗೆ ಇದನ್ನು ಬಳಸಬೇಡಿ. ಅಂಥದಕ್ಕೆ ಹುಟ್ಟಿನಿಂದಲೇ ಕೆನೆಬಣ್ಣದ ಹತ್ತಿ ಕಾಗದವೇ ಸರಿ.

ಫೈಲಿನಲ್ಲಿ ಮಾಡಬೇಕಾದ್ದು

ಅಂದಿನ ಗಾಜಿನ ನೆಗೆಟಿವ್ ಆದ ವೆಟ್ ಕೊಲೋಡಿಯನ್ ಪ್ಲೇಟಿಗೆ ನೀಲಿ, ನೇರಳೆ ಮತ್ತು ನೇರಳಾತೀತ ಬೆಳಕು ಮಾತ್ರ ಕಾಣುತ್ತಿತ್ತು. ಕೆಂಪು, ಹಳದಿಗಳಿಗೆ ಅದು ಕುರುಡು. ನಮ್ಮ ಕಡೆಯ ದೃಶ್ಯಕ್ಕೆ ಇದರಿಂದ ಆಗುವ ಪರಿಣಾಮ ಬಲು ಜೋರು. ಮಿರ್ಜಾನ ಕೋಟೆಯ ಚಿರೆಕಲ್ಲಿನ ಗೋಡೆ ಇದ್ದಿಲಿನಷ್ಟು ಕಪ್ಪಾಗುತ್ತದೆ, ಮಂಗಳೂರು ಹಂಚಿನ ಮಾಡು ಕತ್ತಲೆಯಾಗುತ್ತದೆ, ತೆಂಗಿನ ತಲೆಗಳು ಗಾಢವಾಗುತ್ತವೆ, ಆಕಾಶ ಒಂದು ಮೋಡವೂ ಇಲ್ಲದೆ ಬೋಳು ಬಿಳಿಯಾಗುತ್ತದೆ. ಹಳೆಯ ಫೋಟೋಗಳ ಆಕಾಶ ಬೋಳಾಗಿರುವುದು ಇದೇ ಕಾರಣಕ್ಕೆ. ನೀಲಿ ಆಕಾಶದಲ್ಲಿ ನಾಟಕೀಯ ಮೋಡಗಳನ್ನು ಉಳಿಸಿಕೊಂಡು ಅದಕ್ಕೆ ಕಂದು ಬಳಿದರೆ 1860ರ ಫೋಟೋ ಆಗುವುದಿಲ್ಲ.

ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ, ಬಣ್ಣಗಳನ್ನು ಬೆರೆಸಿ ಕಪ್ಪು-ಬಿಳುಪು ಮಾಡುವ ಮೊನೊ ಮಿಕ್ಸರ್ ತೆರೆದು ಕೆಂಪು 0, ಹಸಿರು 15, ನೀಲಿ 85 ಪ್ರತಿಶತ ಕೊಡಿ. ಮುಖಗಳಿರುವ ಚಿತ್ರಕ್ಕೆ ಕೆಂಪು 5, ಹಸಿರು 30, ನೀಲಿ 65. ಇಲ್ಲವಾದರೆ ನಮ್ಮ ಗೋಧಿ-ಕಂದು ಮೈಬಣ್ಣ ಪೂರ್ತಿ ಕಪ್ಪಿಗೆ ಬೀಳುತ್ತದೆ. ನೀಲಿ ಚಾನೆಲ್‌ನಲ್ಲಿ ಕ್ಯಾಮೆರಾದ ಗದ್ದಲ ಅತಿ ಹೆಚ್ಚು, ಜೆಪೆಗ್ ಹಿಂಡುವುದೂ ಅಲ್ಲೇ ಹೆಚ್ಚು. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರವನ್ನು ಹೀಗೆ ಮಾಡಿದರೆ ಆಕಾಶದಲ್ಲಿ ಚೌಕ ಚೌಕ ಎದ್ದು ಕಾಣುತ್ತದೆ. ಕ್ಯಾಮೆರಾದ ಮೂಲ ಫೈಲೇ ಬೇಕು. 1930ರ ನಂತರದ ಬೆಳ್ಳಿ ಮುದ್ರಣದ ಅನುಕರಣೆಗೆ ಈ ನೀಲಿ ಕಸರತ್ತು ಬೇಡ, ಸಾಮಾನ್ಯ ಕಪ್ಪು-ಬಿಳುಪು ಸಾಕು.

ಅಳತೆಯ ವಿಷಯದಲ್ಲಿ ನಮ್ಮ ಸಲಹೆ ಖಡಾಖಂಡಿತ: ಸಣ್ಣದಾಗಿ ತೆಗೆಯಿರಿ. ಹತ್ತೊಂಬತ್ತನೆಯ ಶತಮಾನದ ಬಹುತೇಕ ಮುದ್ರಣಗಳು ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡವು. ನೆಗೆಟಿವನ್ನು ಕಾಗದಕ್ಕೆ ಒತ್ತಿಟ್ಟು ಬಿಸಿಲಿಗೆ ಇಡುತ್ತಿದ್ದರು. ಕಾರ್ಟ್ ದ ವಿಸಿತ್ ಎಂಬ ಸಣ್ಣ ಭಾವಚಿತ್ರದ ಕಾರ್ಡು ಸುಮಾರು 64 × 100 ಮಿ.ಮೀ., ಕ್ಯಾಬಿನೆಟ್ ಕಾರ್ಡು 108 × 165 ಮಿ.ಮೀ. ಗಾಜಿನ ನೆಗೆಟಿವ್ ಆದ್ದರಿಂದ ವಿವರ ಹರಿತ, ಕಣಗಳೇ ಕಾಣುತ್ತಿರಲಿಲ್ಲ. ಆ್ಯಪುಗಳು ಹಾಕುವ ‘ಫಿಲ್ಮ್ ಗ್ರೇನ್’ ಇಪ್ಪತ್ತನೆಯ ಶತಮಾನದ ಸಣ್ಣ ಫಿಲ್ಮಿನ ಗುರುತು. ಅಲ್ಬುಮಿನ್ ಪ್ರಿಂಟಿನ ಮೇಲೆ ಅದಕ್ಕೆ ಜಾಗವಿಲ್ಲ. ಗೀರು, ಮಡಿಕೆ, ಕಲೆಗಳ ಪದರವೂ ಹಾಗೆಯೇ. ಅದನ್ನು ಹಾಕಲೇಬೇಡಿ.

ಇನ್ನು ಕಪ್ಪಿನ ಆಳ. ಒಳ್ಳೆಯ ಗ್ಲಾಸಿ ಕಾಗದದಲ್ಲಿ ಇಂಕ್‌ಜೆಟ್ ಕಪ್ಪಿನ ಸಾಂದ್ರತೆ 2.3ರ ಸುಮಾರು, ಅಂದರೆ ಬಿದ್ದ ಬೆಳಕಿನ ಅರ್ಧ ಪ್ರತಿಶತ ಮಾತ್ರ ವಾಪಸ್ಸು ಬರುತ್ತದೆ. ಪ್ಲಾಟಿನಂ ಮುದ್ರಣದಲ್ಲಿ ಅದು 1.4–1.5ರ ಆಸುಪಾಸು, ಅಂದರೆ 3 ಪ್ರತಿಶತಕ್ಕೂ ಹೆಚ್ಚು ಬೆಳಕು ಮರಳುತ್ತದೆ. ಮ್ಯಾಟ್ ಕಾಗದದ ಕಪ್ಪು ಮಂಕು ಎಂದು ಗೊಣಗುವವರು ಇದನ್ನು ಗಮನಿಸಬೇಕು. ಇಲ್ಲಿ ಆ ಮಂಕೇ ಬೇಕಾದದ್ದು.

ಯಾವ ಕಾಗದ ಆಯ್ದರೂ ಮೊದಲ ಹಾಳೆಯಲ್ಲಿ 0ಯಿಂದ 100ರವರೆಗೆ ಐದೈದು ಪ್ರತಿಶತದ 21 ಪಟ್ಟಿ ಮುದ್ರಿಸಿ. ಲೇಪವಿಲ್ಲದ ಕಾಗದದಲ್ಲಿ 85ರ ನಂತರದ ಪಟ್ಟಿಗಳು ಒಂದಾಗಿ ಹೋದರೆ, ಕರ್ವ್‌ನಲ್ಲಿ 100 ಇದ್ದುದನ್ನು 85ಕ್ಕೆ ಇಳಿಸಿ ಉಳಿದದ್ದನ್ನು ಹೊಂದಿಸಿ. ಹೆಚ್ಚುವರಿ ಇಂಕು ಕಪ್ಪನ್ನು ಆಳ ಮಾಡುವುದಿಲ್ಲ, ಕಾಗದವನ್ನು ನೆನೆಸಿ ಸುರುಟಿಸುತ್ತದೆ ಅಷ್ಟೆ. ಬಣ್ಣದ ನಿರ್ವಹಣೆಯನ್ನು ಸಾಫ್ಟ್‌ವೇರ್ ಅಥವಾ ಪ್ರಿಂಟರ್ ಡ್ರೈವರ್, ಯಾವುದಾದರೂ ಒಂದಕ್ಕೆ ಮಾತ್ರ ಬಿಡಿ. ಎರಡೂ ಕಡೆ ಆನ್ ಇದ್ದರೆ ಇಡೀ ಚಿತ್ರಕ್ಕೆ ಬಣ್ಣದ ಬಾಧೆ ಹತ್ತುತ್ತದೆ, ಹೆಚ್ಚಾಗಿ ಮಜೆಂಟಾ.

ಅಲ್ಬುಮಿನ್: ಹೆಚ್ಚು ಶ್ರಮ, ಹೆಚ್ಚು ಫಲ

1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಪ್ರಕಟಿಸಿದ ಈ ವಿಧಾನ 1890ರ ದಶಕದವರೆಗೂ ರಾಜ್ಯಭಾರ ಮಾಡಿತು. ಭಾರತದಲ್ಲಿ ಛಾಯಾಗ್ರಾಹಕ ರಾಜಾ ದೀನ್‌ದಯಾಳರ ಕೋಟೆ-ಅರಮನೆಗಳ ಚಿತ್ರಗಳೆಲ್ಲ ಹೆಚ್ಚಾಗಿ ಇದೇ. ತೆಳುವಾದ ಕಾಗದದ ಮೇಲೆ ಉಪ್ಪು ಬೆರೆಸಿದ ಮೊಟ್ಟೆಯ ಬಿಳಿ ಲೋಳೆ, ಅದರ ಮೇಲೆ ಬೆಳ್ಳಿಯ ನೈಟ್ರೇಟ್. ಬಂಗಾರದ ದ್ರಾವಣದಲ್ಲಿ ಟೋನ್ ಮಾಡಿದರೆ ನೆರಳು ನೇರಳೆ-ಕಂದು. ಕಾಲ ಕಳೆದಂತೆ ಬೆಳಕಿನ ಭಾಗ ಹಳದಿಯಾಗುತ್ತದೆ, ಮೊದಲು ಮಾಸುವ ವಿವರವೂ ಅಲ್ಲಿಯದೇ.

ಕಪ್ಪು-ಬಿಳುಪಿನ ಪ್ರತಿ ಛಾಯೆಗೂ ಒಂದೊಂದು ಬಣ್ಣ ಕೊಡುವ ಗ್ರೇಡಿಯಂಟ್ ಮ್ಯಾಪಿಗೆ ಆರಂಭದ ಅಂಕಿಗಳು, ಕೆಂಪು-ಹಸಿರು-ನೀಲಿ ಕ್ರಮದಲ್ಲಿ: ಗಾಢ ನೆರಳು 48, 30, 32; ನಡು 140, 108, 94; ಬೆಳಕು 240, 226, 198. ಒಂದೇ ಕಂದನ್ನು ಎಲ್ಲೆಡೆ ಸಮನಾಗಿ ಹರಡಿದರೆ ಅದು ಸೆಪಿಯಾ ಫಿಲ್ಟರ್ ಆಗುತ್ತದೆ. ನೆರಳು ತಂಪು, ಬೆಳಕು ಬೆಚ್ಚಗೆ, ಈ ಅಂತರವೇ ಅಲ್ಬುಮಿನ್ನಿನ ಗುರುತು. ಅಂಚುಗಳನ್ನು 5 ಪ್ರತಿಶತದಷ್ಟು ತಿಳಿ ಮಾಡಿ. ಹಳೆಯವು ಅಂಚಿನಿಂದ ಒಳಕ್ಕೆ ಮಾಸುತ್ತವೆ. ಗಾಢ ವರ್ತುಲದ ವಿನ್ಯೆಟ್ ಇದಕ್ಕೆ ಉಲ್ಟಾ.

ಮೈ ಹೊಂದಿಸುವುದೇ ಕಷ್ಟದ ಕೆಲಸ. ಅಲ್ಬುಮಿನ್ನಿನ ಹೊಳಪು ಪ್ಲಾಸ್ಟಿಕ್ಕಿನದಲ್ಲ, ಓರೆಯಾಗಿ ಹಿಡಿದಾಗಷ್ಟೇ ಮಿಂಚುವ ತೆಳು ಹೊಳಪು. ಅದರಡಿ ನಾರೂ ಕಾಣುತ್ತದೆ. ಇದಕ್ಕೆ ಮೂರು ಮಾರ್ಗ.

ಅಗ್ಗದ್ದು 130–135 ಜಿಎಸ್‌ಎಂನ ತೆಳು ಗ್ಲಾಸಿ ಫೋಟೋ ಕಾಗದ. 230 ಜಿಎಸ್‌ಎಂನದ್ದು ಬೇಡ, ದಪ್ಪವೇ ಸುಳ್ಳು ಹೇಳುತ್ತದೆ. ಮೂಲ ಪ್ರಿಂಟುಗಳು ತೆಳುವಾಗಿ ಸುರುಳಿ ಸುತ್ತುತ್ತಿದ್ದರಿಂದಲೇ ಅವುಗಳನ್ನು ದಪ್ಪ ಕಾರ್ಡಿಗೆ ಅಂಟಿಸುತ್ತಿದ್ದರು. ನೀವೂ ಅಂಟಿಸಿ, ಆದರೆ ಮೈದಾ ಅಂಟಿನಿಂದಲ್ಲ: ಡೈ ಪ್ರಿಂಟು ಅಂಟಿನ ನೀರಿಗೆ ಹರಡುತ್ತದೆ, ಮಳೆಗಾಲದಲ್ಲಿ ಮೈದಾಕ್ಕೆ ಬೂಸ್ಟು ಹಿಡಿಯುತ್ತದೆ, ಜಿರಳೆ ತಿನ್ನುತ್ತದೆ. ಮೈಲುತುತ್ತ ಬೆರೆಸಿದರೆ ಹುಳ ಬಾರದು ನಿಜ, ಆದರೆ ಅದರ ಹುಳಿ ಕಾಗದಕ್ಕೆ ಒಳ್ಳೆಯದಲ್ಲ. ಆಮ್ಲರಹಿತ ದ್ವಿಮುಖ ಅಂಟುಹಾಳೆ ಸೂಕ್ತ.

ಎರಡನೆಯದು ಪ್ಲಾಟಿನ್ ಬಗೆಯ ಹತ್ತಿ ಕಾಗದದ ಮೇಲೆ ಪಿಗ್ಮೆಂಟ್. ನೋಟ ಬಹಳ ಚೆನ್ನ. ದಪ್ಪ ಜಾಸ್ತಿಯಾದರೂ ಫ್ರೇಮಿನೊಳಗೆ ಹೋದಮೇಲೆ ಗೊತ್ತಾಗುವುದಿಲ್ಲ.

ಮೂರನೆಯದು ನಮ್ಮ ಮೆಚ್ಚಿನದು: ನುಣುಪಾದ ಮ್ಯಾಟ್ ಕಾಗದದ ಮೇಲೆ ಪಿಗ್ಮೆಂಟ್ ಪ್ರಿಂಟು, ಅದರ ಮೇಲೆ ಜೇನುಮೇಣ. ಮೇಣ ಒಂದು ಭಾಗ, ಟರ್ಪೆಂಟೈನ್ ಮೂರು ಭಾಗ, ತೂಕದಲ್ಲಿ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ಬೆಂಕಿಯಿಂದ ದೂರ ತಂದು ಟರ್ಪೆಂಟೈನ್ ಬೆರೆಸಿ. ತಣಿದರೆ ಬೆಣ್ಣೆಯ ಹದ. ಎರಡು ದಿನ ಒಣಗಿದ ಪ್ರಿಂಟಿನ ಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ಅತಿ ತೆಳುವಾಗಿ, ವೃತ್ತಾಕಾರದಲ್ಲಿ ಒತ್ತಡವಿಲ್ಲದೆ ಸವರಿ. ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಉಜ್ಜಿ. ನೆರಳಿನ ಕಪ್ಪು ಕಣ್ಣೆದುರೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬಟ್ಟೆಗೆ ಬಣ್ಣ ಹತ್ತಿದರೆ ಪ್ರಿಂಟು ಒಣಗಿಲ್ಲ ಅಥವಾ ಒತ್ತಡ ಹೆಚ್ಚಾಗಿದೆ. ನಿಜವಾದ ಮೊಟ್ಟೆಯ ಲೋಳೆಯನ್ನೇ ಬಳಿಯುವ ಆಸೆ ಕೆಲವರಿಗೆ. ಕರಾವಳಿಯ ತೇವದಲ್ಲಿ ಅದು ಬೂಸ್ಟಿಗೆ ಆಹಾರ, ಬೇಡ.

ಸಯನೋಟೈಪ್: ಅನುಕರಿಸುವುದೋ, ನಿಜವಾಗಿ ಮಾಡುವುದೋ

1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣ. ಮರುವರ್ಷವೇ ಆನಾ ಆಟ್ಕಿನ್ಸ್ ಪಾಚಿಗಳ ಸಂಗ್ರಹವನ್ನು ಈ ವಿಧಾನದಲ್ಲಿ ಹೊರತರತೊಡಗಿದರು. ಇಂಕ್‌ಜೆಟ್‌ನಲ್ಲಿ ಅನುಕರಿಸುವಾಗ ಸಾಮಾನ್ಯ ದೋಷ ಎರಡು. ನೀಲಿ ಅತಿ ಉಜ್ವಲವಾಗುವುದು ಒಂದು, ಅದು ನೇರಳೆಗೆ ವಾಲುವುದು ಇನ್ನೊಂದು. ಪ್ರಷ್ಯನ್ ನೀಲಿ ತುಸು ಹಸಿರು ಒಳಗೊಂಡ ಗಾಢ ನೀಲಿ. ನೆರಳಿಗೆ 12, 38, 78, ನಡುವಿಗೆ 84, 132, 168 ಕೊಟ್ಟು, ಬೆಳಕನ್ನು ಕಾಗದಕ್ಕೇ ಬಿಡಿ. ಕುಂಚದ ಅಂಚಿಗೆ ಇಂಟರ್‌ನೆಟ್ಟಿನಿಂದ ಇಳಿಸಿದ ಬಾರ್ಡರ್ ಹಾಕಬೇಡಿ. ಅದೇ ಕಾಗದದ ಮೇಲೆ ಕಪ್ಪು ಪೋಸ್ಟರ್ ಬಣ್ಣವನ್ನು ತೆಳುಮಾಡಿ ಅಗಲ ಬ್ರಶ್ಶಿನಿಂದ ಎಳೆದು, ಸ್ಕ್ಯಾನ್ ಮಾಡಿ ಮಾಸ್ಕ್ ಆಗಿ ಬಳಸಿ. ಪ್ರತಿ ಚಿತ್ರಕ್ಕೂ ಬೇರೆ ಅಂಚು ಎಳೆಯಿರಿ.

ಆದರೂ ನವೆಂಬರಿನಿಂದ ಏಪ್ರಿಲ್‌ವರೆಗೆ ಬಿಸಿಲು ಧಾರಾಳ ಇರುವ ನಮ್ಮಲ್ಲಿ ಅನುಕರಣೆಗಿಂತ ನಿಜವಾದ ಸಯನೋಟೈಪೇ ಒಳ್ಳೆಯದು, ಖರ್ಚೂ ಕಡಿಮೆ. ಇಲ್ಲಿ ಪ್ರಿಂಟರಿನ ಕೆಲಸ ನೆಗೆಟಿವ್ ತಯಾರಿಸುವುದು. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಇನ್ವರ್ಟ್ ಮಾಡಿ, ಎಡ-ಬಲ ತಿರುಗಿಸಿ, ಸ್ಕ್ರೀನ್ ಪ್ರಿಂಟಿಂಗಿನವರು ಬಳಸುವ ಇಂಕ್‌ಜೆಟ್ ಫಿಲ್ಮಿನ ಒರಟು ಮೈಗೆ ಮುದ್ರಿಸಬೇಕು. ಲೇಸರ್ ಪ್ರಿಂಟರಿನ ಓಎಚ್‌ಪಿ ಹಾಳೆ ಹಾಕಿದರೆ ಇಂಕು ಹನಿಯಾಗಿ ನಿಲ್ಲುತ್ತದೆ, ಒಣಗುವುದೇ ಇಲ್ಲ.

ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಗೆಯದು) 25 ಗ್ರಾಂ, 100 ಮಿ.ಲೀ. ನೀರಿಗೆ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಬೇರೆ 100 ಮಿ.ಲೀ. ನೀರಿಗೆ. ಎರಡನ್ನೂ ಕಂದು ಬಾಟಲಿಯಲ್ಲಿ ಪ್ರತ್ಯೇಕ ಇಡಿ. ಮೊದಲನೆಯದಕ್ಕೆ ನಮ್ಮ ತೇವದಲ್ಲಿ ಬೇಗ ಬೂಸ್ಟು ಬರುತ್ತದೆ, ಒಂದೆರಡು ಹರಳು ಥೈಮಾಲ್ ಹಾಕಿಟ್ಟರೆ ತಡೆಯುತ್ತದೆ. ಬಳಸುವಾಗ ಸಮಪ್ರಮಾಣದಲ್ಲಿ ಬೆರೆಸಿ. ಎ4 ಹಾಳೆಗೆ ಒಟ್ಟು 3–4 ಮಿ.ಲೀ. ಸಾಕು. ಕೈಗವಸು ಹಾಕಿ, ಅಡುಗೆಯ ಪಾತ್ರೆ ಮುಟ್ಟಬೇಡಿ, ಫೆರಿಸಯನೈಡಿಗೆ ಬಲವಾದ ಆಮ್ಲ ತಾಗಿಸಬೇಡಿ, ಕಾಯಿಸಬೇಡಿ, ವಿಷಾನಿಲ ಹೊರಡುತ್ತದೆ.

ಬಳಿದ ಹಾಳೆಯನ್ನು ಕತ್ತಲೆ ಕೋಣೆಯಲ್ಲಿ ಒಣಗಿಸಿ, ಫಿಲ್ಮಿನ ಇಂಕು ಹತ್ತಿದ ಮೈ ಹಾಳೆಗೆ ತಾಗುವಂತೆ ಗಾಜಿನಡಿ ಒತ್ತಿ ಬಿಸಿಲಿಗಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ 8ರಿಂದ 20 ನಿಮಿಷ. ಮೊದಲು ಎರಡೆರಡು ನಿಮಿಷ ಹೆಚ್ಚಿಸುತ್ತ ಪಟ್ಟಿ ಪರೀಕ್ಷೆ ಮಾಡಿ. ನೆರಳಿನ ಜಾಗ ನೀಲಿ-ಹಸಿರನ್ನು ದಾಟಿ ಬೂದು ಮಿಶ್ರಿತ ಕಂಚಿನ ಬಣ್ಣಕ್ಕೆ ಬಂದಾಗ ತೆಗೆಯಬೇಕು. ನೀರಿನಲ್ಲಿ ಹತ್ತು ನಿಮಿಷ ತೊಳೆದರೆ ಹಳದಿ ಹೋಗಿ ನೀಲಿ ನಿಲ್ಲುತ್ತದೆ. ನೆಗೆಟಿವ್‌ನ ಕಪ್ಪು ನೇರಳಾತೀತವನ್ನು ಸಾಕಷ್ಟು ತಡೆಯದಿದ್ದರೆ ಬಿಳಿ ಜಾಗವೂ ನೀಲಿಯಾಗುತ್ತದೆ. ಪಿಗ್ಮೆಂಟ್ ಕಪ್ಪು ಇಲ್ಲಿ ಡೈಗಿಂತ ನಂಬಿಕೆಯದು. ಕಾಗದದಲ್ಲಿ ಸುಣ್ಣದ ಅಂಶ ಇದ್ದರೆ ನೀಲಿ ಮಾಸುತ್ತದೆ. ಇಲ್ಲಿ ಚೊಗರಿಗೆ ಮತ್ತೆ ಕೆಲಸವಿದೆ: ತೆಳು ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಯನ್ನು ಕಪ್ಪಿಗೆ ತಿರುಗಿಸುತ್ತದೆ. ಬೇಡದ ತುಂಡಿನ ಮೇಲೆ ಮೊದಲು ನೋಡಿ, ಕಾಗದದ ಬಿಳಿಯೂ ಬಣ್ಣ ಹೀರುತ್ತದೆ.

ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಬಳಿದ ಹಾಳೆ ಒಣಗುವುದೂ ಇಲ್ಲ. ಆ ನಾಲ್ಕು ತಿಂಗಳು ಇಂಕ್‌ಜೆಟ್ ಅನುಕರಣೆಯೇ ಗತಿ.

ಉಪ್ಪಿನ ಮುದ್ರಣ ಮತ್ತು ಪ್ಲಾಟಿನಂ

ಎರಡೂ ಮ್ಯಾಟ್, ಎರಡರಲ್ಲೂ ಚಿತ್ರ ಕಾಗದದ ನಾರಿನಲ್ಲೇ ಕೂತಿರುತ್ತದೆ. ಇಂಕ್‌ಜೆಟ್‌ಗೆ ಅತಿ ಸಹಜವಾಗಿ ಒಲಿಯುವ ಜೋಡಿ ಇದು.

ಫಾಕ್ಸ್ ಟಾಲ್ಬಟ್ 1830ರ ದಶಕದಲ್ಲಿ ರೂಪಿಸಿದ ಉಪ್ಪಿನ ಮುದ್ರಣದಲ್ಲಿ ವಿವರ ಮೆದು, ಬಣ್ಣ ಕೆಂಪು-ಕಂದು. ಲೇಪವಿಲ್ಲದ ಕೈಕಾಗದ, ‘ಪ್ಲೇನ್ ಪೇಪರ್’ ಸೆಟ್ಟಿಂಗ್, ನೆರಳು 62, 34, 24, ಬೆಳಕು 240, 228, 208. ಶಾರ್ಪನ್ ಮಾಡುವುದು ಬೇಡ. ಡೈ ಇಂಕು ಹರಡುವ ಗುಣವೇ ಇಲ್ಲಿ ಉಪಕಾರಿ.

ಪ್ಲಾಟಿನಂಗೆ ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದರು. ಅದರ ಬೆಲೆ ಕಪ್ಪಿನಲ್ಲಲ್ಲ, ಬೂದಿನ ಮೆಟ್ಟಿಲುಗಳಲ್ಲಿ. ಫೈಲಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಬೇಡಿ, ನಡುವಿನ ಛಾಯೆಗಳನ್ನು ಬಿಡಿಸಿ. ನೆರಳು 40, 37, 34; ನಡು 128, 124, 118; ಬೆಳಕು 244, 240, 230. ಕ್ಯಾನನ್ ಜಿ ಇರುವವರು ‘ಪ್ಲೇನ್ ಪೇಪರ್’ ಮತ್ತು ‘ಗ್ರೇಸ್ಕೇಲ್’ ಆಯ್ದರೆ ಬಹುಪಾಲು ಪಿಗ್ಮೆಂಟ್ ಕಪ್ಪೇ ಬಳಕೆಯಾಗುತ್ತದೆ. ಇಂಗಾಲದ ಕಣಗಳ ಆ ಕಪ್ಪು ಸ್ವಭಾವತಃ ತುಸು ಬೆಚ್ಚಗೆ, ದೀಪ ಬದಲಾದರೂ ಬಣ್ಣ ಬದಲಿಸುವುದಿಲ್ಲ, ತೇವಕ್ಕೂ ಜಗ್ಗುವುದಿಲ್ಲ. ಬೆಳಕಿನ ಭಾಗದಲ್ಲಿ ಸಣ್ಣ ಚುಕ್ಕಿ ಕಾಣುತ್ತದೆ. ಒರಟು ಹತ್ತಿ ಕಾಗದದಲ್ಲಿ ಅದು ನಾರಿನೊಂದಿಗೆ ಬೆರೆತುಹೋಗುತ್ತದೆ. ‘ಫೋಟೋ ಪೇಪರ್’ ಸೆಟ್ಟಿಂಗ್ ಮಾತ್ರ ಆಯಬೇಡಿ. ಆಗ ಯಂತ್ರ ಪಿಗ್ಮೆಂಟ್ ಕಪ್ಪನ್ನು ಬಿಟ್ಟು ಮೂರು ಬಣ್ಣಗಳಿಂದಲೇ ಬೂದು ಕಟ್ಟುತ್ತದೆ.

ಉಳಿದವು

ಬೆಳ್ಳಿ-ಜೆಲಾಟಿನ್ ನಮ್ಮ ಅಜ್ಜ-ಅಜ್ಜಿಯರ ಸ್ಟುಡಿಯೋ ಫೋಟೋ. ಅರೆಹೊಳಪಿನ ಫೈಬರ್ ಕಾಗದ, ಆರು ಬಣ್ಣದ ಡೈ ಅಥವಾ ಪಿಗ್ಮೆಂಟ್, ಗಾಢ ಕಪ್ಪು, ತುಸುವೇ ಬೆಚ್ಚನೆಯ ಛಾಯೆ. ಕೈಬಣ್ಣದ ಫೋಟೋ ಬೇಕಿದ್ದರೆ ಪ್ರಿಂಟನ್ನು ಮ್ಯಾಟ್ ಕಾಗದದಲ್ಲಿ ಮಾಮೂಲಿಗಿಂತ ತಿಳಿಯಾಗಿ ತೆಗೆದು, ಕಲರ್ ಪೆನ್ಸಿಲಿನಿಂದ ನಿಜವಾಗಿಯೇ ಬಣ್ಣ ತುಂಬಿ. ಯಕ್ಷಗಾನದ ವೇಷಕ್ಕೆ ಇದು ಹೇಳಿ ಮಾಡಿಸಿದ್ದು: ಕೆಂಪು-ಬಂಗಾರದ ಕಿರೀಟ ಕಪ್ಪಾಗಿ ಹೋಗದಂತೆ ಕಪ್ಪು-ಬಿಳುಪಿನ ಪರಿವರ್ತನೆಯಲ್ಲಿ ಕೆಂಪನ್ನು 40 ಪ್ರತಿಶತಕ್ಕೆ ಏರಿಸಿ, ಆಮೇಲೆ ಬಣ್ಣ ಹಚ್ಚಿ.

ಗೋಂದಿನಲ್ಲಿ ಬಣ್ಣ ಕಲಸಿ ಬಳಿಯುವ ಗಮ್ ಬೈಕ್ರೋಮೇಟಿನ ಪದರ ಪದರದ ಕುಂಚದ ಗುಣ ಒಂದೇ ಸಲದ ಇಂಕ್‌ಜೆಟ್ ಪ್ರಿಂಟಿನಲ್ಲಿ ಬಾರದು. ಬೆಳ್ಳಿಯ ತಗಡಿನ ಮೇಲೆ ಮೂಡುವ ಚಿತ್ರವಾದ ಡಾಗೆರೋಟೈಪನ್ನೂ ಬಿಟ್ಟುಬಿಡಿ. ಅದರಲ್ಲಿ ನೆರಳು ಕನ್ನಡಿ, ಬೆಳಕು ಹಾಲುಬಿಳಿ. ಫಿಲ್ಮಿನ ಮೇಲೆ ಮುದ್ರಿಸಿ ಹಿಂದೆ ಅಲ್ಯೂಮಿನಿಯಂ ತಗಡು ಇಟ್ಟರೆ ಬೆಳಕೇ ಕನ್ನಡಿಯಾಗಿ ಎಲ್ಲ ತಿರುಗುಮುರುಗಾಗುತ್ತದೆ. ಮನೆಯ ಯಂತ್ರದಲ್ಲಿ ಬಿಳಿ ಇಂಕಿಲ್ಲದೆ ಇದಕ್ಕೆ ಪರಿಹಾರವಿಲ್ಲ.

ಯಾವ ಚಿತ್ರಕ್ಕೆ ಯಾವುದು

ಬನವಾಸಿಯ ಮಧುಕೇಶ್ವರ, ಮಿರ್ಜಾನ ಕೋಟೆ, ಹಳೆಯ ಹಂಚಿನ ಮನೆಗಳಿಗೆ ಅಲ್ಬುಮಿನ್. ಕಟ್ಟಡದ ಹರಿತ ವಿವರ ಅದರಲ್ಲೇ ಚೆನ್ನ. ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರ, ಕಾಳಿ ನದಿಯ ಮಂಜು, ಮಳೆಗಾಲದ ಬೂದು ಕಡಲು ಪ್ಲಾಟಿನಂಗೆ, ಏಕೆಂದರೆ ಅವುಗಳ ಚೆಲುವು ನಡುಛಾಯೆಯಲ್ಲಿದೆ. ಕಡು ಬಿಸಿಲಿನ ಕಾರವಾರ ಬೀಚನ್ನು ಪ್ಲಾಟಿನಂಗೆ ಹಾಕಿದರೆ ಚಪ್ಪಟೆಯಾಗುತ್ತದೆ. ಜರೀಗಿಡ, ಎಲೆ, ಮೀನುಬಲೆ, ಹೊರಗೆರೆ ಸ್ಪಷ್ಟ ಇರುವ ಏನಿದ್ದರೂ ಸಯನೋಟೈಪಿಗೆ. ಮುಖಗಳಿಗೆ ಬೆಳ್ಳಿ-ಜೆಲಾಟಿನ್ ಸುರಕ್ಷಿತ, ಅಲ್ಬುಮಿನ್ ಕ್ಯಾಬಿನೆಟ್ ಕಾರ್ಡು ಸುಂದರ. ಉಪ್ಪಿನ ಮುದ್ರಣಕ್ಕೆ ಮುಖ ಸಣ್ಣದಾಗಿರುವ ಗುಂಪು ಚಿತ್ರ ಕೊಡಬೇಡಿ, ಕಣ್ಣು-ಮೂಗು ಕಲಸಿಹೋಗುತ್ತದೆ.

ಪ್ರಿಂಟಿನ ಹಿಂಬದಿ ಪೆನ್ಸಿಲಿನಲ್ಲಿ ಇಂಕ್‌ಜೆಟ್ ಎಂದೂ, ಕಾಗದ, ಇಂಕು, ತಿಂಗಳು-ವರ್ಷವನ್ನೂ ಬರೆಯಿರಿ. ಅನುಕರಣೆ ಚೆನ್ನಾಗಿ ಬಂದಷ್ಟೂ ಇದು ಅಗತ್ಯ. ಮುಂದೊಂದು ದಿನ ಮನೆಯ ಹಳೆಯ ಫೋಟೋಗಳ ನಡುವೆ ಇದು ಸೇರಿ ಯಾರೂ ಮೋಸಹೋಗಬಾರದು.

ಮಳೆಗಾಲದ ಮುನ್ನೆಚ್ಚರಿಕೆ

ಕಾಗದದ ಪೊಟ್ಟಣವನ್ನು ಸಿಲಿಕಾ ಜೆಲ್ ಸಹಿತ ಜಿಪ್ ಚೀಲದಲ್ಲಿಟ್ಟು, ಬೇಕಾದ ಹಾಳೆಯನ್ನಷ್ಟೇ ತೆಗೆಯಿರಿ. ಟ್ರೇಯಲ್ಲಿ ರಾತ್ರಿ ಉಳಿದ ಹಾಳೆ ಬೆಳಿಗ್ಗೆಗೆ ಅಲೆಯಾಗಿರುತ್ತದೆ, ಹೆಡ್ಡಿಗೆ ಉಜ್ಜುತ್ತದೆ. ಪ್ರಿಂಟಿನ ನಡುವೆ ಕರೆಂಟು ಹೋದರೆ ಹೆಡ್ಡು ತನ್ನ ಮುಚ್ಚಳದ ಜಾಗಕ್ಕೆ ಮರಳದೆ ಅರ್ಧದಲ್ಲೇ ನಿಂತು ಒಣಗುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ಇಂಕ್‌ಜೆಟ್‌ಗೆ ಸಾಕು. ಅದಿಲ್ಲದವರು ಕರೆಂಟು ಬಂದ ಕೂಡಲೇ ಯಂತ್ರ ಆನ್ ಮಾಡಿ. ಹೆಡ್ಡು ತಾನಾಗಿ ಸ್ವಸ್ಥಾನಕ್ಕೆ ಹೋಗುತ್ತದೆ. ವಾರಕ್ಕೊಂದು ನಾಝಲ್ ಚೆಕ್ ತಪ್ಪಿಸಬೇಡಿ. ಫ್ರೇಮಿನ ಗಾಜು ಪ್ರಿಂಟಿಗೆ ತಾಗದಂತೆ 2 ಮಿ.ಮೀ. ದಪ್ಪದ ಮೌಂಟ್ ಬೋರ್ಡಿನ ಚೌಕಟ್ಟು ಕೊಡಿಸಿ. ತಾಗಿದರೆ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಲೇಪವೇ ಗಾಜಿನ ಜೊತೆ ಬರುತ್ತದೆ. ಪಶ್ಚಿಮದ ಹೊರಗೋಡೆಗೆ ಇರಚಲು ಹೊಡೆದು ಒಳಗೂ ಜಿನುಗುವುದರಿಂದ, ತೂಗುಹಾಕಲು ಒಳಕೋಣೆಯ ಗೋಡೆ ಆರಿಸಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಗಾಳಿಯಾಡಲು ಸಂದು ಬಿಡಿ.